ಮರಳು ತುಂಬಿದ ಬ್ಯಾಗು

ಪ್ರೀತಿಯ ತಂಗಿಗೆ,

ಇಲ್ಲಿ ಚಾರಣದ ಬ್ಯಾಗು ಕೊಳ್ಳುವವರು ಮೊದಲು ಅದಕ್ಕೆ ಮರಳು ತುಂಬಿಸಿ, ಹೊತ್ತು, ಅಂಗಡಿಯ ಮೆಟ್ಟಿಲು ಹತ್ತಿಳಿದು ನೋಡುತ್ತಾರೆ. ದೊಡ್ಡ ಬ್ಯಾಗನ್ನು ನಿನ್ನ ಭಾವ ಹಟ ಹಿಡಿದು ತಾವೇ ಹೊತ್ತರು, ಅರ್ಧಕ್ಕೇ ಏದುಸಿರು ಬಿಡುತ್ತಾ ಕುಳಿತರು. ಅಂಗಡಿಯಾಕೆ ಅದನ್ನು ನನ್ನ ಬೆನ್ನಿಗೇರಿಸಿ, “ಭಾರ ಹೆಗಲಿಗಲ್ಲ, ಸೊಂಟಕ್ಕೆ ಬರ್ಬೇಕು” ಎಂದು ಪಟ್ಟಿ ಬಿಗಿದಳು. ನಾನು ಸಲೀಸಾಗಿ ಮೇಲೆ ಹತ್ತಿಬಿಟ್ಟೆ.

ಇಳಿದು ಬಂದರೆ ನಿನ್ನ ಭಾವ, “ಬೆಟ್ಟವೂ ಬೇಡ ಏನೂ ಬೇಡ, ಮನೆಗೆ ಹೋಗೋಣ” ಎಂದರು. ಆಮೇಲೆ, “ಡೇರೆ ಇರೋ ದೊಡ್ಡ ಬ್ಯಾಗು ನೀನೇ ಹೊತ್ಕೋ” ಎಂದರು. ಅದು ಸಿಟ್ಟೋ ಒಪ್ಪಿಗೆಯೋ ನನಗಿನ್ನೂ ತಿಳಿದಿಲ್ಲ. ದೊಡ್ಡದೊಂದು, ಚಿಕ್ಕದೊಂದು ಕೊಂಡೆವು. ಅವರ ಆಪರೇಶನ್ನಿನ ಗಾಯ ಪೂರ್ತಿ ಮಾಗಿದೆ, ಮಾತ್ರೆ ನನ್ನ ಬಳಿಯೇ ಇದೆ, ಚಿಂತಿಸಬೇಡ.

ಬೆಟ್ಟಕ್ಕೆ ಹೋಗುವ ಬಸ್ಸು ಬಂತು. ಅವರು ನನ್ನ ಬ್ಯಾಗನ್ನೂ ತಾವೇ ಎತ್ತಲು ಹೋಗುತ್ತಿದ್ದಾರೆ, ತಡೆಯಬೇಕು.

ನಿನ್ನ ಅಕ್ಕ