ಎಂಬತ್ತೆರಡು ಕೆಜಿ ಬೆಲ್ಲ

ಕನ್ಯಾನ
೧೨ ನವೆಂಬರ್ ೨೦೨೪

ಪ್ರೀತಿಯ ಇವರಿಗೆ,

ಆರೋಗ್ಯವಾಗಿದ್ದೀರಾ? ಬಾಯಿಮಾತಿಗೆ ಕೇಳುತ್ತಿಲ್ಲ, ಈ ಸಲ ನಿಜವಾದ ಉತ್ತರ ಬೇಕು. ಫೋನಿನಲ್ಲಿ ಕೇಳಿದರೆ ನಕ್ಕು ಮಾತು ಮರೆಸುತ್ತೀರಿ. ಅದಕ್ಕೇ ಶನಿವಾರ ದುಬೈಗೆ ಮರಳುವ ನಿಮ್ಮ ರೂಮಿನ ಲತೇಶನ ಕೈಯಲ್ಲಿ ಈ ಪತ್ರ. ಇಲ್ಲಿ ಅತ್ತೆ, ಮನ್ವಿತ್ ಇಬ್ಬರೂ ಸೌಖ್ಯ.

ಎರಡು ವರ್ಷದ ಹಿಂದೆ ನಿಮಗೆ ಡೆಂಗ್ಯೂ ಬಂದಾಗ ಅತ್ತೆ ಹೊತ್ತ ತುಲಾಭಾರದ ಹರಕೆ ಬಾಕಿ ಉಂಟಲ್ಲ. ಜನವರಿಯಲ್ಲಿ ನೀವು ಬಂದಾಗ ತೀರಿಸಲು ಬೆಲ್ಲ ಎಷ್ಟು ಹೇಳಿಡಲಿ ಎಂದು ಅವರು ಕೇಳಿದ್ದಕ್ಕೆ "ಅರುವತ್ತು ಕೆಜಿ ಸಾಕಮ್ಮ" ಎಂದಿರಿ. ನನಗೆ ಅಂದು ಅನ್ನ ಇಳಿಯಲಿಲ್ಲ. ಹೋಗುವಾಗ ಎಂಬತ್ತೆರಡು ಇದ್ದ ಮನುಷ್ಯ ನೀವು! ಮುಂಚೆ ಊಟದ ತಟ್ಟೆಯನ್ನೂ ತೋರಿಸುತ್ತಿದ್ದವರು ಈಗ ವಿಡಿಯೊ ಕಾಲ್ ಎಂದರೆ ನೆಟ್ ಇಲ್ಲ ಎನ್ನುತ್ತೀರಿ. ಕಳಿಸಿದ ಒಂದೇ ಫೋಟೊದಲ್ಲಿ ಕೂದಲು ಇದ್ದಿಲಿನಷ್ಟು ಕಪ್ಪು, ಗಲ್ಲ ಒಳಗೆ ಹೋಗಿದೆ. "ಪಪ್ಪ ಹೀರೊ ಹಾಗೆ ಕಾಣ್ತಾರೆ" ಎಂದ ಮನ್ವಿತ್. ನಲುವತ್ತಾರರಲ್ಲಿ ಯಾರಿಗಾಗಿ ಹೀರೊ? ಬೆಂಕಿಯಿಲ್ಲದೆ ಹೊಗೆಯಾಡುವುದಿಲ್ಲ. ಯಾವಳೋ ಇದ್ದಾಳೆಂದೇ ನಿಶ್ಚಯಿಸಿ ಅತ್ತದ್ದೂ ಉಂಟು, ನಿಮ್ಮನ್ನು ಬೈದದ್ದೂ ಉಂಟು.

ಮೊನ್ನೆ ಲತೇಶ್ ಬಂದಾಗ ಮೀನು ಸಾರು ಬಡಿಸಿ ಮೆಲ್ಲನೆ ಕೆದಕಿದೆ. "ಅಣ್ಣನಿಗೆ ಎಂತ ಇಲ್ಲ ಅತ್ತಿಗೆ, ಸ್ವಲ್ಪ ಡಯಟ್ ಮಾಡ್ತಾರೆ ಅಷ್ಟೆ" ಎಂದ, ನನ್ನ ಮುಖ ನೋಡದೆ. ಹೋಟೆಲಿನ ಹೊಸ ಮ್ಯಾನೇಜರಿಗೆ ಕೌಂಟರಿನಲ್ಲಿ ಹೊಟ್ಟೆಯವರು ಬೇಡವಂತೆ, ಎಳೆಯ ಮುಖವೇ ಬೇಕಂತೆ. ನಿಮಗೆ ಕೆಲಸ ಹೋಗುವ ಹೆದರಿಕೆಯಂತೆ. ಅಷ್ಟೇ ಆಗಿದ್ದರೆ ನನ್ನಿಂದ ಮುಚ್ಚಿಟ್ಟದ್ದು ಯಾಕೆ? ಮದುವೆಯ ಹೊಸದರಲ್ಲಿ ನಿಮ್ಮ ಹೊಟ್ಟೆ ನೋಡಿ ನಾನೂ ನಗಾಡಿದವಳು. ಅದು ಇನ್ನೂ ಮನಸ್ಸಿನಲ್ಲಿದ್ದರೆ ಕ್ಷಮಿಸಿ. ಆ ಹೊಟ್ಟೆ ನನಗೆ ಇಷ್ಟವೇ ಇತ್ತು.

ಅತ್ತೆಯ ಆಶೀರ್ವಾದವೂ ಮಗನ ಮುತ್ತೂ ಉಪ್ಪಿನಕಾಯಿ ಭರಣಿಯ ಜೊತೆಗೇ ಬರುತ್ತಿವೆ.

ನಿಮ್ಮ
ಚಿತ್ರಾ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ಲತೇಶನ ಫೋನ್ ಬಂತು. ಹೇಳದೆ ಇರಲಾಗಲಿಲ್ಲವಂತೆ. ತೂಕ ಇಳಿಸಲು ಆನ್‌ಲೈನಿನಲ್ಲಿ ತರಿಸಿದ ಹೆಸರಿಲ್ಲದ ಮಾತ್ರೆ ತಿಂದು ಎರಡು ಸಲ ಕೌಂಟರಿನಲ್ಲೇ ತಲೆತಿರುಗಿ ಬಿದ್ದಿರಂತೆ. ಯಾವಳೋ ಇದ್ದಿದ್ದರೇ ಒಳ್ಳೆಯದಿತ್ತು, ಜಗಳ ಮಾಡಿಯಾದರೂ ಕರೆತರುತ್ತಿದ್ದೆ. ಮಾತ್ರೆ ನಿಲ್ಲಿಸಿ, ಡಬ್ಬಿ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಿ. ಚೀಟಿಯ ಫೋಟೊ ಕಳಿಸಿ, ನಿಮ್ಮ ಬಾಯಿಮಾತು ನಾನು ನಂಬುವುದಿಲ್ಲ. ಕೆಲಸ ಹೋದರೆ ಹೋಗಲಿ. ಅಂಗಡಿಯಲ್ಲಿ ಎಂಬತ್ತೆರಡು ಕೆಜಿ ಬೆಲ್ಲಕ್ಕೇ ಹೇಳಿ ಬಂದಿದ್ದೇನೆ. ಉಳಿದರೆ ಉಳಿಯಲಿ, ಎದುರಿನ ತಟ್ಟೆಯಲ್ಲಿ ನೀವು ಕೂತಿರಬೇಕು.