ದುಂಡಿಯ ಒಂದು ಚೂರು

ನವೆಂಬರ್ 9, ಭಾನುವಾರ
ಏಳಕ್ಕೆಲ್ಲ ಹಂದಿ ಕೊಯ್ದಾಯಿತು. ಬಣಕಲ್‌ನವರು ಬಂದು ಮಾಂಸ ಒಯ್ದರು. ಶೆಡ್ ತೊಳೆದೆ. ಹದಿನಾರು ವರ್ಷದಿಂದ ಹಂದಿ ಸಾಕುತ್ತಿದ್ದೇವೆ. ಆ ಕಿರುಚಾಟ ಮಾತ್ರ ಇನ್ನೂ ಅಭ್ಯಾಸವಾಗಿಲ್ಲ. ಇವರಿಗೆ ನಗು. "ತಿನ್ನುವಾಗ ಅಳು ಬರಲ್ವೇನೇ?"

ನವೆಂಬರ್ 14
ಪಕ್ಕದ ರೆಸಾರ್ಟಿನಲ್ಲಿ ಲ್ಯಾಬ್ ಮಾಡಿರುವ ಮಾಂಸದ ಕಂಪನಿಯ ಹರ್ಷವರ್ಧನ ಬಂದಿದ್ದರು. ಹಂದಿಯ ಮೈಯಿಂದ ಕಡಲೆಕಾಳಿನಷ್ಟು ಚೂರು ತೆಗೆದು, ಅದನ್ನೇ ಬೆಳೆಸಿ ಮಾಂಸ ಮಾಡುತ್ತಾರಂತೆ. ಕೊಯ್ಯುವುದೇ ಬೇಡ! ನಮ್ಮ ಹಂದಿಗಳಲ್ಲಿ ದುಂಡಿಯನ್ನು ಆರಿಸಿದರು.
"ಕುಸುಮಕ್ಕ, ಸಾಯೋ ತನಕ ನಾವೇ ಸಾಕ್ತೀವಿ. ನೋಡ್ಕೊಳ್ಳೋ ಕೆಲಸ ನಿಮ್ದು. ನೀವು ಮನೇಲಿ ಬೇರೆ ಹಂದಿ ಮಾತ್ರ ಇಡ್ಬಾರ್ದು, ಇದಕ್ಕೆ ರೋಗ ತಗಲುತ್ತೆ."

ನವೆಂಬರ್ 20
ಐದು ದಿನ ಇವರ ಜೊತೆ ಜಗಳ. "ಕೈಯಲ್ಲಿರೋದು ಬಿಟ್ಟು ಅವ್ರನ್ನ ನಂಬ್ತೀಯಾ ಮಾರಾಯ್ತಿ?" ಕೊನೆಗೆ ಒಪ್ಪಿದರು. ಒಪ್ಪಿಸಿದ್ದು ನಾನು.

ಡಿಸೆಂಬರ್ 7, ಭಾನುವಾರ
ಶೆಡ್ ಖಾಲಿ. ಉಳಿದವನ್ನೆಲ್ಲ ಕೊಟ್ಟಿಗೆಹಾರದ ವ್ಯಾಪಾರಿ ಒಯ್ದ. ಏನು ಮಾಡುತ್ತಾನೆಂದು ಕೇಳಲಿಲ್ಲ... ದುಂಡಿ ಈಗ ರೆಸಾರ್ಟಿನ ಹಿಂದೆ, ಟೈಲ್ಸ್ ಹಾಕಿದ ಗೂಡಿನಲ್ಲಿ. ತೊಡೆಯಿಂದ ಚೂರು ತೆಗೆದರು. ಒಂದು ಸಲ ಕಿರುಚಿತು. ಹತ್ತು ನಿಮಿಷಕ್ಕೆ ಬಾಳೆದಿಂಡು ಮೆಲ್ಲುತ್ತಿತ್ತು. ಇಷ್ಟೇನಾ!

ಫೆಬ್ರವರಿ 17
ಹಂದಿಗಳು ಹೋದ ಮೇಲೆ ಇವರು ಕಂಡವರ ತೋಟಕ್ಕೆ ಮೆಣಸು ಕೊಯ್ಯಲು ಹೋಗುತ್ತಿದ್ದಾರೆ.
ಹರ್ಷವರ್ಧನರಿಗೆ ಖುಷಿಯೋ ಖುಷಿ. "ಇನ್ನು ದುಂಡಿಯಿಂದ ತೆಗೆಯೋದೇ ಬೇಡ ಅಕ್ಕ. ತೆಗೆದಿದ್ದೇ ಬೆಳೀತಾ ಇರುತ್ತೆ."
"ಹಾಗಾದ್ರೆ ದುಂಡಿ?"
ಅವರಿಗೆ ಫೋನ್ ಬಂತು. ಎದ್ದು ಹೋದರು.

ಫೆಬ್ರವರಿ 27
ನಾಡಿದ್ದು ಹೊಸ ಮಾಂಸದ ರುಚಿ ತೋರಿಸುವ ಕಾರ್ಯಕ್ರಮ. ಅರವತ್ತು ಜನ. ಲ್ಯಾಬಿನಲ್ಲಿ ಬೆಳೆದದ್ದು ಒಂದು ಬಟ್ಟಲಷ್ಟೇ — ತಲೆಗೊಂದು ತುಣುಕು. ಮಸಾಲೆ ನಾನೇ ಅರೆಯಬೇಕಂತೆ.
"ಮತ್ತೆ ಊಟಕ್ಕೆ?" ಅಂದೆ.
ಹರ್ಷವರ್ಧನ ನೆಲ ನೋಡಿದರು. "ರೆಸಾರ್ಟಿನವ್ರಿಗೆ ಊಟಕ್ಕೆ ನಿಜವಾದ ಹಂದಿನೇ ಬೇಕಂತೆ ಅಕ್ಕ. ದುಂಡಿ ಹೆಂಗೂ ಸುಮ್ನೆ ಇದೆ... ಕೊಯ್ಯೋಕೆ ನಿಮ್ಮ ಯಜಮಾನ್ರಿಗೇ, ಶಂಕರಣ್ಣನಿಗೇ ಹೇಳಿದೀನಿ."
"ಸಾಯೋ ತನಕ ಸಾಕ್ತೀವಿ ಅಂದಿದ್ರಿ."
"ಸಾಕಿದ್ವಲ್ಲ ಅಕ್ಕ."
ಮನೆಗೆ ಬಂದು, ಹೋಗಬೇಡಿ ಅಂತ ಇವರ ಕೈ ಹಿಡಿದೆ. ಬಿಡಿಸಿಕೊಂಡರು. "ನಾನು ಹೋಗ್ದಿದ್ರೆ ಇನ್ನೊಬ್ಬ ಬರ್ತಾನೆ. ಕೈ ತಪ್ಪಿದ್ರೆ ನರಳುತ್ತೆ ಅದು. ನಾನಾದ್ರೆ ಒಂದೇ ಏಟು." ಆಮೇಲೆ, ಮೆಲ್ಲಗೆ — "ಕಳ್ಸಿದ್ದು ನೀನು."

ಮಾರ್ಚ್ 1, ಭಾನುವಾರ, ಬೆಳಗ್ಗೆ 6
ರೆಸಾರ್ಟ್ ಅಡುಗೆಮನೆ. ಕೊತ್ತಂಬರಿ, ಮೆಣಸು ಹುರಿದಾಯಿತು. ಬಾಗಿಲಲ್ಲಿ ಬ್ಯಾನರ್: 'ಕೊಲ್ಲದೆ ತಿನ್ನೋಣ'.
ಇವರು ಹಗ್ಗ ಹಾಕಿ ಎಳೆದರೂ ದುಂಡಿ ಅಲುಗಲಿಲ್ಲ. "ನೀನು ಕರಿ, ಬರುತ್ತೆ" ಅಂದರು. ಕರೆದೆ. ಮೂಗಿನಿಂದ ನನ್ನ ಸೀರೆ ತಿವಿಯುತ್ತಾ ಕೊಯ್ಯುವ ಜಾಗದವರೆಗೂ ಹಿಂದೆಯೇ ಬಂತು. ಅಲ್ಲೇ ಬಿಟ್ಟು ಒಳಗೆ ಓಡಿ ಬಂದುಬಿಟ್ಟೆ.
ಹಿತ್ತಲಿಂದ ಇವರು ಕೂಗುತ್ತಿದ್ದಾರೆ. ಹಿಡಿದುಕೊಳ್ಳಲು ಇನ್ನೊಬ್ಬರು ಬೇಕಂತೆ. ಅಡುಗೆಯವರು ಯಾರೂ ಕೂತಲ್ಲಿಂದ ಏಳುತ್ತಿಲ್ಲ. ನನ್ನ ದನಿ ಕೇಳಿದರೆ ಅದು ಸುಮ್ಮನಿರುತ್ತದೆ. ನಾನೇ ಹೋಗಿ ಹಿಡಿದುಕೊಳ್ಳಬೇಕು.