ಶಿಳ್ಳೆ ಬಾರದ ದಾರಿ

ಅಕ್ಟೋಬರ್ 12, ನ್ಯೂ ಆರ್ಲಿಯನ್ಸ್

ಕ್ಷಮಿಸು ಡೈರಿ, ನಾಳೆ ಟೆಸ್ಟ್ ಇಟ್ಟುಕೊಂಡು ನಿನ್ನನ್ನು ತೆರೆಯಬಾರದಿತ್ತು. ಆದರೆ ಇವತ್ತಿನ ಅಸಹ್ಯ ಓದಲು ಬಿಡುತ್ತಿಲ್ಲ.

ನಾನು ಕೆಲಸ ಮಾಡುವ ಮ್ಯೂಸಿಯಂ ಮನೆಯ ಹಳೆಯ ಅಡುಗೆಕೋಣೆಯಲ್ಲಿ ಇವತ್ತು ಕೆಂಡದ ಮೇಲೆ ನಮ್ಮೂರಿನ ಗಟ್ಟಿ ಸಾರು, ಬೆಂಡೆಕಾಯಿ ಗಂಬೊ ಮಾಡಿದೆವು. ಹಿಟ್ಟು ಹುರಿದವಳು ನಾನೇ. ಥೇಟ್ ಅಜ್ಜಿ ಮಾಡುವ ಬಣ್ಣವೇ ಬಂತು, ಖುಷಿಯಲ್ಲಿದ್ದೆ. ಅಷ್ಟರಲ್ಲಿ ಗೈಡ್ ಫಿಲೊಮೆನ್ ಮೇಡಂ ಪ್ರವಾಸಿಗರಿಗೆ ಹೇಳಿದರು, "ಆಗೆಲ್ಲ ಗುಲಾಮರು ಅಂಗಳದಾಚೆ ಇರೋ ಯಜಮಾನರ ಊಟದ ಕೋಣೆಗೆ ಬೋಗುಣಿ ಒಯ್ಯುವಾಗ ಶಿಳ್ಳೆ ಹಾಕಲೇಬೇಕಿತ್ತಂತೆ. ಶಿಳ್ಳೆ ಹಾಕೋ ಬಾಯಿ ಕದ್ದು ತಿನ್ನೋಕಾಗಲ್ಲ ನೋಡಿ!" ಆಮೇಲೆ ನನ್ನ ಕಡೆ ತಿರುಗಿ, "ಕ್ಲೇಲಿ, ಒಂದ್ಸಲ ಹಾಕಿ ತೋರಿಸಮ್ಮ."

ನಮ್ಮಜ್ಜಿಯ ಮುತ್ತಜ್ಜಿ ಗುಲಾಮಳಾಗಿ ಅಡುಗೆ ಮಾಡುತ್ತಿದ್ದದ್ದು ಇದೇ ಒಲೆಯಲ್ಲಿ. ಅದು ಮೇಡಂಗೂ ಗೊತ್ತು.

ಬೋಗುಣಿ ಹಿಡಿದು ಅಂಗಳಕ್ಕಿಳಿದೆ. ತುಟಿ ಒಣಗಿ ಬರೀ ಗಾಳಿ ಬಂತು. ಎಲ್ಲರೂ ನಕ್ಕರು. ಪ್ರವಾಸಿಗರಲ್ಲಿ ಒಬ್ಬ ಮುದುಕ ಪಕ್ಕದಲ್ಲೇ ನಡೆಯುತ್ತಾ, "ತುಟಿ ಹೀಗೆ ಸುತ್ತು ಮಗು, ನಾನ್ ಕಲಿಸ್ತೀನಿ" ಎಂದು ನನ್ನ ಮುಖಕ್ಕೇ ಶಿಳ್ಳೆ ಊದಿದ. ಹಳಸಿದ ಕಾಫಿ ವಾಸನೆ. ಪ್ರೀತಿಯಿಂದಲೇ ಹೇಳಿದ, ಅದಕ್ಕೇ ಇನ್ನೂ ಹೇಸಿಗೆ. ನಾನೋ, ಹಾಸ್ಟೆಲಿನ ಸಿಸ್ಟರ್‌ಗಳು ಕಲಿಸಿದ ಹಾಗೆ "ಥ್ಯಾಂಕ್ಯೂ ಸರ್" ಅಂದೆ. ಛೀ! ಎರಡು ಸಲ ಹಲ್ಲುಜ್ಜಿದರೂ ಆ ಮಾತು ಬಾಯಲ್ಲೇ ಇದೆ.

ಈ ಕೆಲಸ ಹೋದರೆ ಇದರ ಜೊತೆ ಬರುವ ಸ್ಕಾಲರ್‌ಶಿಪ್ ಹೋಗುತ್ತದೆ, ಕಾಲೇಜೂ ಹೋಗುತ್ತದೆ. ಆದರೂ ಈಗಷ್ಟೇ ಮೇಡಂಗೆ ಮೆಸೇಜ್ ಹಾಕಿದೆ:

"ಶನಿವಾರ ಗಂಬೊ ಮಾಡ್ತೀನಿ, ಬೋಗುಣೀನೂ ಒಯ್ತೀನಿ. ಶಿಳ್ಳೆ ಮಾತ್ರ ಹಾಕಲ್ಲ. ದಾರಿಯುದ್ದಕ್ಕೂ ಎಲ್ಲರೆದುರು ಚಮಚ ಹಾಕ್ಕೊಂಡು ತಿಂತಾ ಹೋಗ್ತೀನಿ. ಆಗುತ್ತಾ, ಇಲ್ವಾ? ದಯವಿಟ್ಟು ಬೇಗ ಉತ್ತರ ಕೊಡಿ."